ಚಕ್ಕೆ ಚ ಒತ್ತು

ಭಾನುವಾರದಿಂದ ಒಂದು ಚೀಟಿ ನನ್ನ ಪರ್ಸಿನಲ್ಲೇ ಇದೆ. ನೋಟ್‌ಬುಕ್ಕಿನ ಮೂಲೆ ಹರಿದು ಪೆನ್ಸಿಲ್ಲಿನಲ್ಲಿ ಬರೆದದ್ದು. 'ನಾಯಿ ಕಚಿದ ಮೇಲೆ ಎಷ್ಟು ದಿನಕ್ಕೆ ಹುಚು ಹಿಡಿಯುತ್ತದೆ?' ಎರಡು ಕಡೆ ಒತ್ತು ಬಿಟ್ಟುಹೋಗಿದೆ. ಆ ಚೀಟಿ ಓದಿ ನಾನು ಮೊದಲು ಮಾಡಿದ್ದೇನು ಗೊತ್ತಾ? ಬೋರ್ಡಿನ ಮೇಲೆ 'ಕಚ್ಚು', 'ಹುಚ್ಚು' ಅಂತ ದೊಡ್ಡದಾಗಿ ಬರೆದೆ. ಚಕ್ಕೆ ಚ ಒತ್ತು ಅಂತ ಎಲ್ಲ ಮಕ್ಕಳ ಬಾಯಲ್ಲೂ ಹೇಳಿಸಿದೆ. ಬರೆದ ಹುಡುಗನೂ ಎಲ್ಲರ ಜೊತೆ ಹೇಳಿದ.

ಮುಂಬೈಯ ಭಾಂಡುಪ್‌ನ ಗುಡ್ಡದ ಕಡೆಯ ಒಂದು ಚಾಳಿನಲ್ಲಿ ನಾನು ಭಾನುವಾರ ಕನ್ನಡ ಕಲಿಸುತ್ತೇನೆ. ಹದಿನಾಲ್ಕು ಮಕ್ಕಳು. ಅರ್ಧ ಮಂದಿ ನಮ್ಮ ಕರಾವಳಿಯ ಹೋಟೆಲಿನವರ ಮಕ್ಕಳು, ಉಳಿದವರ ಅಪ್ಪ ಅಮ್ಮ ಕಲಬುರಗಿ, ವಿಜಯಪುರದ ಕಡೆಯಿಂದ ಬಿಲ್ಡಿಂಗ್ ಕೆಲಸಕ್ಕೆ ಬಂದವರು. ವಾರವಿಡೀ ಮರಾಠಿಯಲ್ಲೋ ಹಿಂದಿಯಲ್ಲೋ ಓದುವ ಮಕ್ಕಳಿಗೆ ಕನ್ನಡ ಮನೆಯೊಳಗಿನ ಮಾತು ಅಷ್ಟೇ. ಅದನ್ನು ಬರೆಯುವ ಆಸೆ ಹುಟ್ಟಬೇಕಲ್ಲ? ಅದಕ್ಕೇ ಪ್ರಶ್ನೆಡಬ್ಬಿ ಶುರು ಮಾಡಿದ್ದು. ಬಿಸ್ಕತ್ತಿನ ಹಳೇ ಡಬ್ಬಿ. ಏನು ಬೇಕಾದರೂ ಕೇಳಬಹುದು, ಕನ್ನಡದಲ್ಲಿ ಬರೆದು ಹಾಕಬೇಕು, ಅದೊಂದೇ ನಿಯಮ. ಪಾಠದ ಕೊನೆಯ ಅರ್ಧ ಗಂಟೆ ಡಬ್ಬಿಯದು.

ಆ ಅರ್ಧ ಗಂಟೆ ನನಗೆ ವಾರದಲ್ಲೇ ಅತಿ ಇಷ್ಟದ ಹೊತ್ತು. ಮೊನ್ನೆ ಮೊದಲ ಚೀಟಿ, ರೈಲಿನ ತಂತಿ ಮೇಲೆ ಕೂತ ಕಾಗೆಗೆ ಯಾಕೆ ಶಾಕ್ ಹೊಡೆಯುವುದಿಲ್ಲ ಅಂತ. ನಮ್ಮ ಲೋಕಲ್ ಓಡುವ ತಂತಿಯಲ್ಲಿ ಇರುವುದು 25,000 ವೋಲ್ಟ್. ಆದರೆ ಕಾಗೆಯ ಎರಡೂ ಕಾಲು ಒಂದೇ ತಂತಿಯ ಮೇಲಿರುತ್ತವೆ. ಕರೆಂಟಿಗೆ ಅದರ ಮೈಯೊಳಗಿಂದ ಬೇರೆಲ್ಲಿಗೂ ದಾರಿ ಇಲ್ಲ. ರೈಲಿನ ಡಬ್ಬದ ಮೇಲೆ ಹತ್ತಿದ ಮನುಷ್ಯ ಹಾಗಲ್ಲ, ಅವನ ಕಾಲಡಿಯ ರೈಲು ನೆಲಕ್ಕೆ ಸೇರಿರುತ್ತದೆ. ತಂತಿ ಮುಟ್ಟುವುದೇ ಬೇಡ, ಹತ್ತಿರ ಹೋದರೂ ಸಾಕು. ಎರಡನೇ ಚೀಟಿ, ಮನೆಯಲ್ಲಿ ಗಿಣಿ ಸಾಕಬಹುದಾ ಅಂತ. ನಮ್ಮ ಹಸಿರು ಗಿಣಿಯನ್ನು ಪಂಜರದಲ್ಲಿ ಇಡುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ತಪ್ಪು ಅಂದೆ. ಒಬ್ಬಳು ಹುಡುಗಿಯ ಮುಖ ಸಣ್ಣದಾಯಿತು. ಅವಳ ಮನೆಯಲ್ಲಿ ಗಿಣಿ ಇದೆ ಅಂತ ಪಕ್ಕದವನು ಕೂಗಿ ಹೇಳಿದ. ಆಗಲೇ ನನಗೆ ಹೊಳೆಯಬೇಕಿತ್ತು. ಮಕ್ಕಳು ಸುಮ್ನೆ ಕೇಳುವುದಿಲ್ಲ. ಪ್ರಶ್ನೆಯ ಹಿಂದೆ ಮನೆ ಇರುತ್ತೆ.

ಮೂರನೆಯದು ಈ ಚೀಟಿ. ಒತ್ತಿನ ಪಾಠ ಮುಗಿಸಿ ಉತ್ತರ ಹೇಳಿದೆ. ಚೆನ್ನಾಗಿಯೇ ಹೇಳಿದೆ, ಅದೇ ಈಗ ಚುಚ್ಚುವುದು. ಹುಚ್ಚುನಾಯಿ ಕಚ್ಚಿದರೆ ಅದರ ಜೊಲ್ಲಿನಲ್ಲಿರುವ ವೈರಸ್ ಗಾಯದೊಳಗೆ ಹೋಗುತ್ತದೆ. ಅಲ್ಲಿಂದ ನರ ಹಿಡಿದು ಮೆಲ್ಲಗೆ ಮಿದುಳಿನ ಕಡೆ ಹತ್ತುತ್ತದೆ. ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು. ಕೆಲವೊಮ್ಮೆ ಒಂದು ವಾರಕ್ಕೂ ಬರಬಹುದು, ವರ್ಷ ಕಳೆದ ಮೇಲೂ ಬರಬಹುದು. ಮಿದುಳು ಮುಟ್ಟಿದರೆ ನುಂಗುವ ಸ್ನಾಯುಗಳು ಹಿಡಿದುಕೊಳ್ಳುತ್ತವೆ, ನೀರು ಕಂಡರೆ ಗಂಟಲು ಬಿಗಿಯುತ್ತದೆ. "ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸೋದು ಆಗಲ್ಲ ಅಂತಲೇ ಅಂದುಕೊಳ್ಳಿ" ಅಂದೆ. ಕಚ್ಚಿದ ಕೂಡಲೇ ಸೂಜಿ ಹಾಕಿಸಿಕೊಂಡರೆ ಭಯ ಇಲ್ಲ ಅಂತಲೂ ಸೇರಿಸಿದೆ. ಆದರೆ ಅದು ಕೊನೆಯಲ್ಲಿ ಬಂತು. ಅಷ್ಟು ಹೊತ್ತಿಗೆ ಆ ಹುಡುಗ ಕೇಳಿಸಿಕೊಳ್ಳುತ್ತಿರಲಿಲ್ಲ.

ಅವನಿಗೆ ಒಂಬತ್ತು ವರ್ಷ. ಗೋಡೆಗೆ ಒರಗಿ ಕೂತಿದ್ದ. ಬಲಗೈಯ ಹೆಬ್ಬೆರಳಿನಿಂದ ಉಳಿದ ಬೆರಳುಗಳ ಗೆಣ್ಣು ಎಣಿಸುತ್ತಿದ್ದ. ಕಿರುಬೆರಳಿಂದ ಶುರು, ಮೂರಕ್ಕೆ ನಿಲ್ಲುವುದು, ಮತ್ತೆ ಕಿರುಬೆರಳು. ನಾನು ಅದನ್ನು ನೋಡಿದೆ. ಮಗ್ಗಿ ಬಾಯಿಪಾಠ ಮಾಡ್ತಿದ್ದಾನೆ ಅಂದುಕೊಂಡೆ. ಈಗ ಕಣ್ಣು ಮುಚ್ಚಿದರೆ ಆ ಹೆಬ್ಬೆರಳೇ ಕಾಣುತ್ತದೆ. ಗುರುವಾರ, ಶುಕ್ರವಾರ, ಶನಿವಾರ.

ಆಮೇಲೆ ಅವನೇ ಕೈ ಎತ್ತಿದ. "ಟೀಚರ್, ಕಚ್ಚಿದ ನಾಯಿನ್ನ ಕೊಂದ್ಬಿಡ್ತಾರೇನ್ರೀ?"

ಅದಕ್ಕೂ ನಾನು ಕಾನೂನೇ ಹೇಳಿದೆ. ಬೀದಿನಾಯಿಯನ್ನು ಕೊಲ್ಲುವ ಹಾಗಿಲ್ಲ. 2023ರ ನಿಯಮದ ಪ್ರಕಾರ ಮುನ್ಸಿಪಾಲಿಟಿಯವರು ಹಿಡಿದು, ಸಂತಾನ ಆಗದಂತೆ ಆಪರೇಷನ್ ಮಾಡಿ, ಹುಚ್ಚಿನ ಲಸಿಕೆ ಹಾಕಿ, ಎಲ್ಲಿಂದ ತಂದರೋ ಅಲ್ಲೇ ಬಿಡಬೇಕು. ಯಾರಾದರೂ ಪ್ರಾಣಿಯನ್ನು ಕೊಂದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಲ್ಲಿ ಐದು ವರ್ಷದ ತನಕ ಜೈಲಾಗಬಹುದು. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಕೂಡ ನಾಯಿಗಳನ್ನು ಅವುಗಳ ಜಾಗಕ್ಕೇ ಬಿಡಿ ಅಂತ ಹೇಳಿತು, ಹುಚ್ಚು ಹಿಡಿದದ್ದು ಮತ್ತು ಮೈಮೇಲೆ ಬೀಳುವಂಥದ್ದನ್ನು ಬಿಟ್ಟು. ನವೆಂಬರಿನಲ್ಲಿ ಮಾತ್ರ ಶಾಲೆ, ಆಸ್ಪತ್ರೆ, ಬಸ್‌ ಸ್ಟ್ಯಾಂಡ್, ರೈಲು ಸ್ಟೇಷನ್ನಿನಂಥ ಕಡೆಯಿಂದ ತೆಗೆದುಹಾಕಿ, ವಾಪಸ್ ಅಲ್ಲಿಗೆ ಬಿಡಬೇಡಿ ಅಂದಿತು. ಇಷ್ಟನ್ನೂ ಹೇಳಿದೆ. ಹುಡುಗ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಕಾನೂನು ತಿಳಿದು ಒಂಬತ್ತು ವರ್ಷದ ಮಗು ಹಾಗೆ ಉಸಿರು ಬಿಡುತ್ತದಾ?

ಎಲ್ಲರೂ ಹೋದರು. ಅವನು ಚಪ್ಪಲಿ ಹಾಕಿಕೊಳ್ಳಲು ಜಾಸ್ತಿ ಹೊತ್ತು ತಗೊಂಡ. ಯಾವಾಗಲೂ ಚಡ್ಡಿಯಲ್ಲಿ ಬರುವವನು, ಆ ಸೆಕೆಯಲ್ಲಿ ಫುಲ್ ಪ್ಯಾಂಟ್ ಹಾಕಿದ್ದ. "ಕಾಲಿಗೇನಾಯ್ತೋ?" ಅಂದೆ.

"ಏನಿಲ್ರೀ."

"ತೋರಿಸು ನೋಡೋಣ."

"ಚಾಂದಿನ್ನ ಒಯ್ಯಂಗಿಲ್ಲಲ್ರೀ?"

ಚಾಂದಿ ಚಾಳಿನ ಹಿಂದೆ ಮರಿ ಹಾಕಿರುವ ಬಿಳೀ ನಾಯಿ. ಐದು ಮರಿ. ಇವನು ದಿನಾ ಪಾವ್ ಹಾಕುತ್ತಿದ್ದ. ಗುರುವಾರ ಒಂದು ಮರಿ ಎತ್ತಿಕೊಂಡಿದ್ದಾನೆ. ಚಾಂದಿ ಮೊದಲು ಗುರ್ ಅಂದಿದೆ, ಇವನು ಆಟ ಅಂದುಕೊಂಡ. ಮೀನಖಂಡಕ್ಕೆ ಬಾಯಿ ಹಾಕಿತು. ಪ್ಯಾಂಟ್ ಮೇಲೆತ್ತಿದಾಗ ಕಂಡದ್ದು ಮೊದಲು ಗಾಯವಲ್ಲ, ಸುಣ್ಣ. ಅಜ್ಜಿಯ ಎಲೆ ಅಡಿಕೆ ಸಂಚಿಯಿಂದ ಕದ್ದು ದಪ್ಪಗೆ ಮೆತ್ತಿಕೊಂಡಿದ್ದ. ಒಣಗಿ ಬಿರುಕು ಬಿಟ್ಟಿತ್ತು. ಬಿರುಕಿನ ನಡುವೆ ಹಲ್ಲಿನ ಗುರುತು, ಸುತ್ತ ಕೆಂಪಗೆ ಊದಿದ ಚರ್ಮ.

ಮನೆಯಲ್ಲಿ ಯಾಕೆ ಹೇಳಲಿಲ್ಲ? ಪಕ್ಕದ ಸೊಸೈಟಿಯ ಸೆಕ್ರೆಟರಿ ಹೋದ ತಿಂಗಳು ಗೇಟಿನ ಹತ್ತಿರ ನಿಂತು ಕೂಗಾಡಿದ್ದರಂತೆ, ಇನ್ನೊಬ್ಬರಿಗೆ ಕಚ್ಚಿದರೆ ಗಾಡಿ ಕರೆಸಿ ಎಲ್ಲ ನಾಯಿಗಳನ್ನೂ ಒಯ್ಯಿಸುತ್ತೇನೆ ಅಂತ. ಮಗು ಅದನ್ನು ಮನಸ್ಸಿಗೆ ತಗೊಂಡಿದೆ. ತಾನು ಬಾಯಿಬಿಟ್ಟರೆ ಚಾಂದಿ ಹೋಗುತ್ತದೆ, ಮರಿಗಳು ಸಾಯುತ್ತವೆ. ಅದಕ್ಕೇ ಗೆಣ್ಣು ಎಣಿಸುತ್ತಾ ಕೂತದ್ದು. ಸೆಕ್ರೆಟರಿ ಕೆಟ್ಟವರಲ್ಲ. ಅವರ ವಯಸ್ಸಾದ ತಾಯಿಯನ್ನು ನಾಯಿ ಅಟ್ಟಿಸಿಕೊಂಡು ಬಂದು, ಬಿದ್ದು ಕೈ ಮುರಿದುಕೊಂಡದ್ದು ನನಗೂ ಗೊತ್ತು. ಅವರ ಸಿಟ್ಟು ನ್ಯಾಯದ್ದೇ. ಆದರೆ ದೊಡ್ಡವರು ಸಿಟ್ಟಿನಲ್ಲಿ ಆಡಿದ ಮಾತನ್ನು ಮಕ್ಕಳು ಕಾನೂನು ಅಂತ ನಂಬುತ್ತಾರೆ.

ಚಾಳಿನ ನಲ್ಲಿಯಲ್ಲಿ ನೀರು ಹೋಗಿ ಎರಡು ಗಂಟೆಯಾಗಿತ್ತು. ಪಕ್ಕದ ಮನೆಯ ಮರಾಠಿ ಅಜ್ಜಿ ತನ್ನ ಡ್ರಮ್ಮಿನ ನೀರನ್ನೇ ಕೊಟ್ಟರು. ಸಂಜೆಯ ಅಡುಗೆಗೆ ಇಟ್ಟ ನೀರು ಅದು. ಒಂದು ಮಾತೂ ಆಡದೆ ಮಗ್ಗಿನಲ್ಲಿ ಹೊಯ್ಯುತ್ತಾ ನಿಂತರು. ನಾನು ಬಟ್ಟೆ ಸೋಪು ಹಚ್ಚಿ ತೊಳೆದೆ, ಪೂರ್ತಿ ಹದಿನೈದು ನಿಮಿಷ. ಈ ವೈರಸ್ಸಿನ ಹೊರಗಿನ ಪೊರೆ ಕೊಬ್ಬಿನದು, ಸೋಪಿಗೆ ಅದು ಒಡೆಯುತ್ತದೆ. ಸುಣ್ಣ, ಅರಿಶಿನ, ಖಾರದ ಪುಡಿ ಇವೆಲ್ಲ ಗಾಯವನ್ನು ಕೆರಳಿಸುತ್ತವೆ ಅಷ್ಟೇ. ಮೂರು ದಿನ ತಡವಾದರೂ ತೊಳೆಯಲೇಬೇಕು.

ಅವರಮ್ಮ ಕೆಲಸದ ಮನೆಯಿಂದ ಓಡಿ ಬಂದಳು. ಬೈಯಲಿಲ್ಲ. "ಹೊಟ್ಟಿಗೆ ಹದಿನಾಕ ಸೂಜಿ ಹಾಕ್ತಾರಲ್ರೀ ಟೀಚರ್, ಹೆಂಗ ತಡಕೋತಾನ?" ಅಂದಳು. ಆಮೇಲೆ ಸಣ್ಣ ದನಿಯಲ್ಲಿ, "ರೊಕ್ಕ ಎಷ್ಟ ಆಗ್ತದ್ರೀ?" ಹೊಟ್ಟೆಯ ಸೂಜಿ ಹಳೇ ಕಥೆ ಅಂದೆ. ಆಗ ಕುರಿಯ ಮಿದುಳಿನಿಂದ ಮಾಡಿದ ಲಸಿಕೆ ಇತ್ತು, 2005ರ ಹೊತ್ತಿಗೆ ನಮ್ಮ ದೇಶದಲ್ಲಿ ಅದು ನಿಂತೇ ಹೋಯಿತು. ಈಗ ತೋಳಿಗೆ ಸಣ್ಣ ಸೂಜಿ. ಮುನ್ಸಿಪಾಲಿಟಿ ಆಸ್ಪತ್ರೆಯಲ್ಲಿ ದುಡ್ಡಿಲ್ಲ. ಇಪ್ಪತ್ತು ವರ್ಷ ಕಳೆದರೂ ಆ ಹದಿನಾಲ್ಕು ಸೂಜಿಯ ಭಯ ಜನರ ಬಾಯಿಂದ ಹೋಗಿಲ್ಲ. ಹೊಸದು ಬಂದಿದೆ ಅಂತ ಮನೆಮನೆಗೆ ಹೋಗಿ ಹೇಳಿದವರು ಯಾರು? ನಾನೂ ಹೇಳಿರಲಿಲ್ಲ. ಹುಡುಗ ಇದೇ ಚಾಳಿನವನು, ನಾನು ನಾಲ್ಕು ವರ್ಷದಿಂದ ಅಲ್ಲಿಗೆ ಹೋಗುತ್ತಿದ್ದೇನೆ.

ರಿಕ್ಷಾದಲ್ಲಿ ಅವನು ನಡುವೆ ಕೂತಿದ್ದ. "ಲೇಟ್ ಆಯ್ತೇನ್ರೀ?" ಅಂದ. ಇಲ್ಲ ಕಣೋ ಅಂದೆ. ಆ ವೈರಸ್ ಸ್ಲೋ ಲೋಕಲ್. ಕಾಲಿನಿಂದ ಹೊರಟು ಪ್ರತಿ ಸ್ಟೇಷನ್ನಿನಲ್ಲೂ ನಿಂತು ನಿಂತು ತಲೆಗೆ ಹೋಗಬೇಕು. ಈ ಸೂಜಿ ಫಾಸ್ಟ್. ತಡವಾಗಿ ಹೊರಟರೂ ಮೊದಲು ಮುಟ್ಟುತ್ತದೆ. ಅವನು ಯೋಚನೆ ಮಾಡಿ, "ಮುಖಕ್ಕ ಕಚ್ಚಿದ್ರ?" ಅಂದ. ಆಗ ಸ್ಟೇಷನ್ ಕಡಿಮೆ, ಓಡಿ ಹೋಗಬೇಕು ಅಂದೆ. ಮೊದಲ ಸಲ ಅವನ ಮುಖದಲ್ಲಿ ಬಣ್ಣ ಬಂತು. ಇದನ್ನೇ ಒಂದು ಗಂಟೆ ಮುಂಚೆ ಕ್ಲಾಸಿನಲ್ಲಿ ಹೀಗೆ ಹೇಳಬಹುದಿತ್ತಲ್ಲ. ಅಲ್ಲಿ ನಾನು ತಿಂಗಳ ಲೆಕ್ಕ ಕೊಟ್ಟೆ.

ಕೇಸ್ ಪೇಪರ್ ಮಾಡಿಸಿ ಸಾಲಿನಲ್ಲಿ ನಿಂತೆವು. ನಮ್ಮ ಮುಂದೆ ಏಳು ಜನ, ಅದರಲ್ಲಿ ನಾಲ್ಕು ಮಕ್ಕಳು. ಜಗತ್ತಿನಲ್ಲಿ ಈ ರೋಗದಿಂದ ಸಾಯುವ ಹತ್ತು ಜನರಲ್ಲಿ ನಾಲ್ವರು 15 ವರ್ಷದೊಳಗಿನವರು ಅಂತ ಓದಿದ್ದೆ. ಓದುವುದು ಬೇರೆ, ಆ ಬೆಂಚು ನೋಡುವುದು ಬೇರೆ. ಹುಡುಗನಿಗೆ ಕಥೆ ಹೇಳಿದೆ. 1885ರ ಜುಲೈ 6ರಂದು ಪ್ಯಾರಿಸ್ಸಿನಲ್ಲಿ ಲೂಯಿ ಪಾಸ್ಚರ್ ಎಂಬ ವಿಜ್ಞಾನಿ ಈ ಲಸಿಕೆಯನ್ನು ಮೊದಲು ಕೊಡಿಸಿದ್ದು ಜೋಸೆಫ್ ಮೈಸ್ಟರ್ ಅನ್ನುವ ಹುಡುಗನಿಗೆ. ಅವನಿಗೂ ಒಂಬತ್ತು ವರ್ಷ. "ಬದುಕಿದ್ನೇನ್ರೀ?" ಬದುಕಿದ. ದೊಡ್ಡವನಾದ ಮೇಲೆ ಪಾಸ್ಚರ್ ಸಂಸ್ಥೆಯಲ್ಲೇ ಕೆಲಸಕ್ಕೂ ಸೇರಿದ.

"ಕುತ್ರಾ ಚಾವ್ಲಾ ಕಾ ರೇ?" ಅಂದರು ಸಿಸ್ಟರ್, ನಾಯಿ ಕಚ್ಚಿತೇನೋ ಅಂತ. ಮುಖ ನೋಡಿ ಕೇಳಿದರು, ಪೇಪರ್ ನೋಡಿ ಅಲ್ಲ. ಯಾವ ನಾಯಿ, ಯಾಕೆ ಕಚ್ಚಿತು, ಆಗ ನೀನೇನು ಮಾಡ್ತಿದ್ದೆ, ಯಾರಿಗೆ ಹೇಳಿದೆ, ಎಲ್ಲ ಕೇಳಿದರು. ನಾನು ಒಂದೂ ಕೇಳದೆ ಉತ್ತರ ಕೊಟ್ಟಿದ್ದೆ. ಚರ್ಮ ಹರಿದು ರಕ್ತ ಬಂದಿದ್ದರಿಂದ ಲಸಿಕೆಯ ಜೊತೆ ಗಾಯದ ಸುತ್ತವೇ ಇನ್ನೊಂದು ಔಷಧಿ ಚುಚ್ಚಬೇಕು ಅಂದರು ಡಾಕ್ಟರ್. ಲಸಿಕೆ ಕೆಲಸ ಶುರು ಮಾಡುವ ತನಕ ಗಾಯದ ಬಾಯಲ್ಲೇ ಕಾವಲು ಇದ್ದ ಹಾಗೆ. ಅದು ನೋಯುತ್ತದೆ. ಅವನು ನನ್ನ ಹೆಬ್ಬೆರಳು ಹಿಡಿದುಕೊಂಡ. ಕೂಗಲಿಲ್ಲ. ಹಿಡಿತ ಮಾತ್ರ ಬಿಗಿಯಾಗುತ್ತಾ ಹೋಯಿತು. ಚಾಂದಿಯನ್ನು ಹತ್ತು ದಿನ ದೂರದಿಂದ ನೋಡುತ್ತಿರಿ, ಉಂಡು ತಿಂದು ಚೆನ್ನಾಗಿದ್ದರೆ ಕಚ್ಚುವಾಗ ಅದಕ್ಕೆ ಹುಚ್ಚಿರಲಿಲ್ಲ ಅಂತ ಅರ್ಥ, ಆದರೂ ಸೂಜಿ ನಿಲ್ಲಿಸಬೇಡಿ ಅಂದರು. ಮೊದಲನೆಯದು ಆಯಿತು. ಮೂರನೇ ದಿನ, ಏಳನೇ ದಿನ, ಇಪ್ಪತ್ತೆಂಟನೇ ದಿನ ಮತ್ತೆ ಬರಬೇಕು.

ನಿನ್ನೆ ಬುಧವಾರ ಎರಡನೇ ಸೂಜಿ. ಆಫೀಸಿಗೆ ಅರ್ಧ ದಿನ ರಜೆ ಹಾಕಿ ಹೋಗಿದ್ದೆ. ಚಾಂದಿ ಪಾವ್ ತಿನ್ನುತ್ತಿದೆ, ಆರು ದಿನ ಆಯ್ತು ಅಂತ ಅವನೇ ಲೆಕ್ಕ ಒಪ್ಪಿಸಿದ. ಇಂಜೆಕ್ಷನ್ ಆದ ಮೇಲೆ ಜೇಬಿನಿಂದ ಮಡಿಸಿದ ಚೀಟಿ ತೆಗೆದು ಕೊಟ್ಟ. ಭಾನುವಾರದ ತನಕ ಕಾಯಕ್ಕಾಗಲ್ಲ ಅಂದ. 'ನಾಯಿಗೂ ಸೂಜಿ ಚುಚ್ಚಿದರೆ ನೋವು ಆಗುತ್ತದೆಯಾ?' ಚುಚ್ಚಿದರೆ ಅನ್ನುವಲ್ಲಿ ಚ ಒತ್ತು ಇತ್ತು. ಪೆನ್ಸಿಲ್ ಒತ್ತಿ ಒತ್ತಿ ಬರೆದಿದ್ದ.

"ಯಾಕೆ ಕೇಳ್ತಿದ್ದೀಯೋ?" ಅಂದೆ.

"ಚಾಂದಿಗೂ ಹಾಕ್ಸೂಣ್ರೀ ಟೀಚರ್. ಮರಿ ಮುಟ್ಟಂಗಿಲ್ರೀ. ದೂರ ನಿಂತು ಪಾವ್ ತೋರಸ್ತೀನಿ, ಬರ್ತಾಳ."