ದೊಡ್ಡ ಹೋಟೆಲು ಬಿಟ್ಟು ಈ ಖಾನಾವಳಿಗೇ ಯಾಕೆ?

ರಾಯಚೂರಿಗೆ ಬಂದ ನೆಂಟರು, ಕಚೇರಿಯ ಕೆಲಸಕ್ಕೆಂದು ಬಂದ ಸ್ನೇಹಿತರು, ಒಮ್ಮೊಮ್ಮೆ ನನ್ನ ಹೆಂಡತಿ ಕೂಡ ಕೇಳುವ ಪ್ರಶ್ನೆ ಒಂದೇ: ಊರಿನಲ್ಲಿ ಎ.ಸಿ. ಹಾಕಿದ ಹೋಟೆಲುಗಳು ಇಷ್ಟಿರುವಾಗ, ಗಂಜ್ ಹತ್ತಿರದ ಆ ಸಣ್ಣ ಖಾನಾವಳಿಗೇ ಎಲ್ಲರನ್ನೂ ಯಾಕೆ ಕರೆದುಕೊಂಡು ಹೋಗುತ್ತೀರಿ? ಇವನು ಜುಗ್ಗನಿರಬೇಕು ಎಂಬ ಅನುಮಾನವೂ ಆ ಪ್ರಶ್ನೆಯೊಳಗೆ ಇರುತ್ತದೆ, ಅದನ್ನು ನಾನು ಪೂರ್ತಿ ಅಲ್ಲಗಳೆಯುವುದಿಲ್ಲ. 80 ರೂಪಾಯಿಗೆ ಹೊಟ್ಟೆ ತುಂಬ ಊಟ ಸಿಗುವಾಗ 400 ಕೊಟ್ಟು ಪನೀರ್ ತಿನ್ನಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಅಗ್ಗವೊಂದೇ ಕಾರಣವಾಗಿದ್ದರೆ ಅದಕ್ಕಿಂತ ಅಗ್ಗದ ಜಾಗಗಳೂ ಈ ಊರಿನಲ್ಲಿವೆ. ನಾನು ಅಲ್ಲಿಗೆ ಹೋಗುವುದು ರೊಟ್ಟಿಗಾಗಿ.

ಐದು ಟೇಬಲ್ಲು, ಇಪ್ಪತ್ತು ಜನಕ್ಕೆ ಕುರ್ಚಿ, ಬಿಸಿಲಿಗೆ ಅಕ್ಷರ ಮಾಸಿದ ಬೋರ್ಡು, ಬಾಗಿಲ ಪಕ್ಕದಲ್ಲಿ ಕೈ ತೊಳೆಯುವ ತೊಟ್ಟಿ. ಮೆನು ಕಾರ್ಡು ಇಲ್ಲ, ಏನಿದೆ ಎಂದು ಕೇಳುವ ಪದ್ಧತಿಯೂ ಇಲ್ಲ. ಕುಳಿತರೆ ತಟ್ಟೆ ಬರುತ್ತದೆ. ಒಲೆ ಮಾತ್ರ ಹಿಂದಿನ ಕೋಣೆಯಲ್ಲಿ ಅಡಗಿಲ್ಲ. ರೊಟ್ಟಿ ಬಡಿಯುವ ಅಕ್ಕನವರು ಎಲ್ಲರಿಗೂ ಕಾಣುವಂತೆ ಒಂದು ಮೂಲೆಯಲ್ಲಿ ಕೂರುತ್ತಾರೆ, ಮತ್ತು ನಾನು ಪ್ರತಿ ಸಲವೂ ಅವರ ಕೈ ಕಾಣುವ ಕುರ್ಚಿಯನ್ನೇ ಹಿಡಿಯುತ್ತೇನೆ.

ಗೋಧಿ ಹಿಟ್ಟಿನಲ್ಲಿ ಇರುವ ಜಿಗುಟು ಜೋಳದ ಹಿಟ್ಟಿನಲ್ಲಿ ಇಲ್ಲ. ತಣ್ಣೀರು ಹಾಕಿ ನಾದಿದರೆ ಅದು ಮುದ್ದೆಯಾದಂತೆ ಕಂಡರೂ ಬಡಿಯುವಾಗ ಅಂಚೆಲ್ಲ ಬಿರಿಯುತ್ತದೆ. ಆದ್ದರಿಂದಲೇ ಕುದಿಯುವ ಎಸರನ್ನು ಹಿಟ್ಟಿನ ನಡುವೆ ಸುರಿದು, ಆ ಬಿಸಿಯಲ್ಲಿ ಹಿಟ್ಟು ಸ್ವಲ್ಪ ಬೆಂದು ಅಂಟು ಬಿಡುವಂತೆ ಮಾಡಿ, ಕೈ ತಾಳುವಷ್ಟು ಆರಿದ ಕೂಡಲೇ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದುತ್ತಾರೆ. ಆಮೇಲೆ ಒಣಹಿಟ್ಟು ಉದುರಿಸಿ ಬಡಿಯುವುದು. ಒಂದು ಕೈ ಬಡಿಯುತ್ತದೆ, ಇನ್ನೊಂದು ಕೈ ಅಂಚನ್ನು ಕಾಯುತ್ತ ರೊಟ್ಟಿಯನ್ನು ತಿರುಗಿಸುತ್ತದೆ, ಆ ಸಪ್ಪಳ ಬೀದಿಯವರೆಗೂ ಕೇಳುತ್ತದೆ. ಹೆಂಚಿನ ಮೇಲೆ ಬಿದ್ದ ರೊಟ್ಟಿಯ ಬೆನ್ನಿಗೆ ಒದ್ದೆ ಬಟ್ಟೆಯಿಂದ ನೀರು ಸವರುತ್ತಾರೆ. ಒಣಹಿಟ್ಟೆಲ್ಲ ಹೋಗಿ ಮೈ ನುಣುಪಾಗುತ್ತದೆ. ನೀರು ಇನ್ನೇನು ಆರಿತು ಎನ್ನುವಾಗ ತಿರುವಿ, ಕೊನೆಗೆ ಬೆಂಕಿಗೆ ನೇರವಾಗಿ ಹಿಡಿದರೆ ಎರಡು ಪದರ ಬಿಟ್ಟು ಉಬ್ಬುತ್ತದೆ. ಹೆಂಚಿನಿಂದ ನನ್ನ ತಟ್ಟೆಗೆ ಆರು ಹೆಜ್ಜೆ. ಆ ಆರು ಹೆಜ್ಜೆ ಅರವತ್ತಾದರೆ ರೊಟ್ಟಿ ಬೇರೆಯೇ ಪದಾರ್ಥವಾಗಿಬಿಡುತ್ತದೆ. ಇಷ್ಟು ವರ್ಷವಾದರೂ ದೊಡ್ಡ ಹೋಟೆಲುಗಳಿಗೆ ಈ ಲೆಕ್ಕ ಯಾಕೆ ಹೊಳೆದಿಲ್ಲವೋ, ರೊಟ್ಟಿಯನ್ನು ಡಬ್ಬಿಯಲ್ಲಿ ಮುಚ್ಚಿಟ್ಟು ಬೆವರಿಸಿ ಕೊಡುತ್ತಾರೆ.

ಬೆಂಗಳೂರಿನಲ್ಲಿ ಕೆಲಸಕ್ಕಿರುವ ನನ್ನ ಅಕ್ಕನ ಮಗ ಕಳೆದ ಸಲ ಬಂದಾಗ ತನ್ನ ರೂಮಿನ ಹತ್ತಿರದ ಸಣ್ಣ ಸುಶಿ ಅಂಗಡಿಯ ವಿಷಯ ಹೇಳಿದ. ಸುಶಿ ಎಂದರೆ ಹಸಿ ಮೀನು ಎಂದೇ ನಾನು ತಿಳಿದಿದ್ದೆ. ಹಾಗಲ್ಲವಂತೆ, ಆ ಹೆಸರು ಬಂದಿರುವುದೇ ಹುಳಿಯಿಂದ, ವಿನೆಗರ್ ಬೆರೆಸಿದ ಅನ್ನವಿಲ್ಲದಿದ್ದರೆ ಅದು ಸುಶಿಯೇ ಅಲ್ಲ, ಬರೀ ಮೀನಿನ ಹೋಳಿಗೆ ಜಪಾನಿನವರು ಸಾಶಿಮಿ ಎನ್ನುತ್ತಾರೆ. ಅನ್ನ ಉಗುರುಬೆಚ್ಚಗೆ ಇರುವಾಗಲೇ ಕಟ್ಟಿ ಎದುರಿಗೆ ಕುಳಿತವನ ಮುಂದೆ ಇಡಬೇಕು, ಅವನೂ ತಡಮಾಡದೆ ತಿನ್ನಬೇಕು. "ತಿಳಿದವರು ಮೀನು ನೋಡೂದಿಲ್ಲ ಮಾಮಾ, ಅನ್ನ ನೋಡ್ತಾರ" ಎಂದ. ಅವನನ್ನು ಮರುದಿನವೇ ಖಾನಾವಳಿಗೆ ಕರೆದೊಯ್ದೆ. ಯಾಕೆ ಕರೆತಂದೆ ಎಂದು ನನ್ನನ್ನು ಕೇಳದೆ ಉಂಡವನು ಅವನೊಬ್ಬನೇ. ಐದು ರೊಟ್ಟಿ ಉಂಡ.

ಪಲ್ಯ ಚೆನ್ನಾಗಿಲ್ಲ ಎಂದು ಇದರ ಅರ್ಥವಲ್ಲ. ತೊಗರಿಬೇಳೆ, ಜೋಳದ ನುಚ್ಚು ಹಾಕಿ ಬೇಯಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟ ಪುಂಡಿಪಲ್ಯ ಇದ್ದ ದಿನ ನಾನು ಬೇರೆ ಯಾವುದನ್ನೂ ಮುಟ್ಟುವುದಿಲ್ಲ. ಉಳಿದ ದಿನ ಎಣ್ಣೆಗಾಯಿ, ಇಲ್ಲವೇ ಹೆಸರುಕಾಳು. ಜೊತೆಗೆ ಗುರೆಳ್ಳು ಪುಡಿ, ಶೇಂಗಾ ಚಟ್ನಿ, ಕೆಂಪು ಖಾರ, ಮೊಸರು, ಹಸಿ ಉಳ್ಳಾಗಡ್ಡಿ, ಸಿಕ್ಕರೆ ಹಕ್ಕರಕಿ ಸೊಪ್ಪು. ಕೊನೆಗೆ ಬರುವ ಅನ್ನ ಸಾರಿನ ಬಗ್ಗೆ ಹೇಳುವಂಥದ್ದೇನೂ ಇಲ್ಲ.

ಇದೆಲ್ಲ 80 ರೂಪಾಯಿಗೆ ಹೇಗೆ ಗಿಟ್ಟುತ್ತದೆ ಎಂದು ಕೇಳುವವರೂ ಇದ್ದಾರೆ. ದಿನಕ್ಕೆ ಎರಡೇ ಪಲ್ಯ, ಮಾಡಿದ್ದೆಲ್ಲ ಅಂದೇ ಖರ್ಚು, ಫ್ರಿಜ್ಜಿನಲ್ಲಿ ಕಾಯುವ ಪದಾರ್ಥವಿಲ್ಲ. ಗಂಜ್‌ಗೆ ಹತ್ತಿ ತಂದ ರೈತರು, ಹಮಾಲರು, ತಿಂಗಳ ಲೆಕ್ಕದಲ್ಲಿ ಉಣ್ಣುವ ಹುಡುಗರು ಇರುವುದರಿಂದ ಕುರ್ಚಿ ಖಾಲಿಯಾಗುವುದಿಲ್ಲ. ತುಟ್ಟಿಯಾಗಿರುವುದು ಜೋಳ ಮಾತ್ರ. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರು, ಮಾನ್ವಿ ಕಡೆ ಒಂದು ಕಾಲಕ್ಕೆ ಜೋಳ ಬೆಳೆಯುತ್ತಿದ್ದ ಎಷ್ಟೋ ಎರೆಹೊಲಗಳು ಭತ್ತದ ಗದ್ದೆಗಳಾದವು, ಹಿಂಗಾರಿಗೆ ಬಿತ್ತುವ ಬಿಳಿಜೋಳ ಕಾಲುವೆ ಮುಟ್ಟದ ಹೊಲಗಳಿಗೆ ಸರಿಯಿತು. ರೊಟ್ಟಿಯ ಸೀಮೆಯಲ್ಲಿಯೇ ಜೋಳ ಅಕ್ಕಿಗಿಂತ ತುಟ್ಟಿಯಾಗುವ ದಿನಗಳುಂಟು. ಮೊದಲು ಈ ಖಾನಾವಳಿಯಲ್ಲಿ ರೊಟ್ಟಿಗೆ ಎಣಿಕೆ ಇರಲಿಲ್ಲ. ಈಗ ಮೂರರ ಮೇಲೆ ಒಂದಕ್ಕೆ 10 ರೂಪಾಯಿ. ಅದನ್ನು ಜಾರಿಗೆ ತಂದ ದಿನ ಮಾಲೀಕರು ಪ್ರತಿ ಟೇಬಲ್ಲಿಗೂ ಬಂದು, ಮನೆಯಲ್ಲಿ ಏನೋ ಕೆಟ್ಟ ಸುದ್ದಿ ಇರುವವರಂತೆ ತಗ್ಗಿದ ದನಿಯಲ್ಲಿ ಹೇಳಿ ಹೋದರು.

ಇಷ್ಟು ಹೇಳಿದರೂ ಕೆಲವರಿಗೆ ಸಮಾಧಾನವಾಗುವುದಿಲ್ಲ. ಅವರಿಗೆ ನಾನು ಹೋದ ಬೇಸಿಗೆಯ ಒಂದು ಮಧ್ಯಾಹ್ನದ ವಿಷಯ ಹೇಳುತ್ತೇನೆ. ಬೆಂಗಳೂರಿನಿಂದ ಬಂದಿದ್ದ ಇಬ್ಬರು ಅತಿಥಿಗಳನ್ನು, ದಾರಿಯುದ್ದಕ್ಕೂ ರೊಟ್ಟಿಯನ್ನು ಹೊಗಳುತ್ತ, ಕರೆದುಕೊಂಡು ಹೋಗಿದ್ದೆ. ಕೈ ತೊಳೆದು ಕುಳಿತೆವು. ಒಲೆಯ ಕಡೆಯಿಂದ ಸಪ್ಪಳವೇ ಇಲ್ಲ. ಅಕ್ಕನವರು ಎದ್ದು ಬಂದು ನಮ್ಮ ಮುಂದೆ ನಿಂತು, "ಎರಡು ದಿನ ಗಿರಣಿ ಬಂದ್ ಇತ್ತು ಸರ್, ಹಿಟ್ಟು ಹಳೇದ್ ಅದ, ರೊಟ್ಟಿ ಹರೀತಾವ. ಇವತ್ತ ಚಪಾತಿ ಉಣ್ರಿ, ಇವರನ್ನ ನಾಳೆ ಮತ್ತ ಕರ್ಕೊಂಡು ಬರ್ರಿ" ಎಂದರು. ಹಳೆಯ ಹಿಟ್ಟಿನ ರೊಟ್ಟಿಗೂ ಹೊಸದಕ್ಕೂ ಇರುವ ವ್ಯತ್ಯಾಸ ನನ್ನ ಅತಿಥಿಗಳಿಗೆ ಖಂಡಿತ ಗೊತ್ತಾಗುತ್ತಿರಲಿಲ್ಲ. ನಾವು ಚಪಾತಿ ಉಂಡು ಎದ್ದೆವು. ಅತಿಥಿಗಳ ರೈಲು ಅಂದು ರಾತ್ರಿಯೇ ಇತ್ತು; ಮರುದಿನ ನಾನೊಬ್ಬನೇ ಹೋದೆ.