ತೂಕ ಸರಿ ಇತ್ತು, ಮಣಿಕಟ್ಟು ನೋಡಿರಲಿಲ್ಲ

ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾನು ಅಂಗನವಾಡಿ ಟೀಚರ್. ತಿಂಗಳಿಗೊಮ್ಮೆ ಮಕ್ಕಳ ತೂಕ, ಎತ್ತರ ತೆಗೆದು ಸರ್ಕಾರದ ಆ್ಯಪ್ ಆದ ಪೋಷಣ್ ಟ್ರ್ಯಾಕರ್‌ನಲ್ಲಿ ಹಾಕ್ತೀವಿ. ಅದರಲ್ಲಿ ಒಂದು ಹುಡುಗಿಯ ತೂಕ ಪ್ರತಿಸಲ ಹಸಿರಿನಲ್ಲೇ, ಅಂದರೆ ಸರಿ ಅಂತಲೇ ಬರುತ್ತಿತ್ತು. ಅದಕ್ಕೇ ಅವಳನ್ನ ಸರಿಯಾಗಿ ಮುಟ್ಟಿ ಕೂಡ ನೋಡಿರಲಿಲ್ಲ.

ಒಂದೂವರೆ ವರ್ಷ ದಾಟಿದರೂ ಕೂಸು ನಿಲ್ಲುತ್ತಿರಲಿಲ್ಲ. "ಅವರಪ್ಪನೂ ತಡಾನೇ ನಡದಾನ್ರೀ ಟೀಚರ್, ಏನ್ ಆಗಂಗಿಲ್ಲ" ಅಂದರು ಕೂಸಿನ ಆಯಿ (ಅಜ್ಜಿ). ನಾನೂ ಹೂಂ ಅಂದೆ. ಹಾಗೆ ಎರಡು ತಿಂಗಳು ಕಳೆದವು. ಅದು ನನ್ನ ತಪ್ಪು.

ಆಮೇಲೊಂದು ದಿನ ತೂಕಕ್ಕೆ ಕೂಡಿಸುವಾಗ ಅವ್ವ ಮಗಳ ಕೈಯಿಂದ ಕರಿಬಳಿ ತೆಗೆಯಲು ಒದ್ದಾಡುತ್ತಿದ್ದಳು. "ಕೂಸು ಮೈ ಹಿಡದದರೀ" ಅಂದಳು. ಹಿಡಿದು ನೋಡಿದರೆ ತೋಳು ತೆಳ್ಳಗೆ, ಮಣಿಕಟ್ಟು ಮಾತ್ರ ಗಂಟಿನಂತೆ ದಪ್ಪ. ಬಳಿ ಸಿಕ್ಕಿದ್ದು ಮಾಂಸಕ್ಕಲ್ಲ, ಎಲುಬಿಗೆ. ಹಲ್ಲೂ ತಡ, ಬಂದಿದ್ದು ಎರಡೇ.

ಕಲಬುರಗಿಯಲ್ಲಿ ಮಣಿಕಟ್ಟಿನ ಎಕ್ಸ್‌ರೇ ಆಯ್ತು, ರಕ್ತ ಪರೀಕ್ಷೆ ಆಯ್ತು. ರಿಕೆಟ್ಸ್, ಅಂದರೆ ಮಕ್ಕಳ ಎಲುಬು ಮೆತ್ತಗಾಗುವ ರೋಗ. ವಿಟಮಿನ್ ಡಿ, ಕ್ಯಾಲ್ಸಿಯಂ ಸಾಲದಿದ್ದರೆ ಬೆಳೆಯುವ ಎಲುಬಿನ ತುದಿ ಗಟ್ಟಿಯಾಗದೆ ಮೆತ್ತಗೇ ಉಳಿದು ಅಗಲವಾಗುತ್ತದೆ. ಮೈಭಾರಕ್ಕೆ ಕಾಲು ಬಾಗುತ್ತವೆ.

"ಇಷ್ಟು ಬಿಸಿಲಿನ ಊರಾಗ ಬಿಸಿಲು ಸಾಲಲ್ಲಂದ್ರ ಹ್ಯಾಂಗ್ರೀ?" ಅಂತ ಎಲ್ಲರೂ ಕೇಳ್ತಾರೆ. ಚರ್ಮದಲ್ಲಿ ವಿಟಮಿನ್ ಡಿ ಮಾಡಿಸುವ ಕಿರಣ ಮುಂಜಾನೆಯ ಎಳೆ ಬಿಸಿಲಲ್ಲಿ ತೀರಾ ಕಡಿಮೆ, ಹೊತ್ತು ಏರಿದ ಮೇಲೆ ಹೆಚ್ಚು. ಆದರೆ ಆ ಹೊತ್ತಿಗೆ ನಮ್ಮ ಕಡೆ ಯಾವ ತಾಯಿಯೂ ಕೂಸನ್ನ ಹೊರಗೆ ತರಲ್ಲ, ಬೇಸಿಗೆಯಲ್ಲಿ ತರಲೂಬಾರದು. ತಂದರೂ ಕುಂಚಿಗಿ ಕಟ್ಟಿ, ಸೆರಗು ಹೊದಿಸಿಯೇ. ತಾಯಿಗೇ ಕೊರತೆ ಇದ್ದರೆ ಕೂಸು ಹುಟ್ಟುವಾಗಲೇ ಅದರ ಮೈಯಲ್ಲಿ ವಿಟಮಿನ್ ಡಿ ಕಡಿಮೆ ಇರುತ್ತದೆ. ಎದೆಹಾಲಿನಲ್ಲಿ ಬೇಕಾದ್ದು ಬಹಳಷ್ಟು ಇದ್ದರೂ ವಿಟಮಿನ್ ಡಿ ಬಹಳ ಕಡಿಮೆ. ಅದಕ್ಕೇ ಮೊದಲ ವರ್ಷ ದಿನಕ್ಕೆ 400 ಯೂನಿಟ್ ಹನಿ ಹಾಕಲು ಮಕ್ಕಳ ವೈದ್ಯರು ಹೇಳುವುದು.

ಊಟ ಕೇಳಿದೆ. ಚಹಾದಲ್ಲಿ ಬಿಸ್ಕೀಟು, ರೊಟ್ಟಿ, ತಿಳಿ ಬ್ಯಾಳಿ. 100 ಗ್ರಾಂ ಜೋಳದಲ್ಲಿ ಕ್ಯಾಲ್ಸಿಯಂ 30 ಮಿಲಿಗ್ರಾಂ ಕೂಡ ಇಲ್ಲ, ರಾಗಿಯಲ್ಲಿ ಸುಮಾರು 350. ರಾಗಿ ನಮ್ಮ ಕಡೆ ರೂಢಿಯಿಲ್ಲ. ಎಳ್ಳು ಮನೆಯಲ್ಲೇ ಇತ್ತು, ಅದನ್ನ ಹುರಿದು ಪುಡಿ ಮಾಡಿ ಮೊಸರನ್ನದಲ್ಲಿ ಕಲಸಿ ಕೊಡಲು ತೋರಿಸಿದೆ. ಹಾಲು, ತತ್ತಿನೂ ಶುರು ಮಾಡಿಸಿದೆ.

ಒಂದು ಮಾತು: ಔಷಧಿ ಅಂಗಡಿಯಿಂದ 60,000 ಯೂನಿಟ್‌ನ ವಿಟಮಿನ್ ಡಿ ಪುಡಿ ತಂದು ನೀವೇ ಕೂಸಿಗೆ ಹಾಕಬೇಡಿ. ಹೆಚ್ಚಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟು. ಎಷ್ಟು, ಎಷ್ಟು ದಿನ ಅನ್ನೋದನ್ನ ವೈದ್ಯರೇ ಹೇಳಲಿ.

ನಾಲ್ಕು ತಿಂಗಳ ಮೇಲೆ ಹುಡುಗಿ ಗ್ವಾಡಿ ಹಿಡಿದು ಕೇಂದ್ರದ ಬಾಗಿಲ ತನಕ ನಡೆದು ಬಂದಳು. ಕಾಲು ಇನ್ನೂ ತುಸು ಬಾಗಿವೆ. ದೀಪಾವಳಿ ಆದ ಮೇಲೆ ಮತ್ತೆ ಎಕ್ಸ್‌ರೇ ಇದೆ, ಜೊತೆಗೆ ನಾನೂ ಹೋಗ್ತೀನಿ.