ವಾರಂಟಿಯೋ, ಹಳೆಯ ಲ್ಯಾಪ್‌ಟಾಪಿನ ಬಿಡಿಭಾಗವೋ?

"ಮನೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಒಂದು ಸುಮ್ಮನೆ ಬಿದ್ದಿದೆ. ಅದರ ಭಾಗವನ್ನೇ ಈ ಕೆಟ್ಟ ಲ್ಯಾಪ್‌ಟಾಪಿಗೆ ಹಾಕಿದರಾಗದೇ? ವಾರಂಟಿ ಎಂದು ಸರ್ವೀಸ್ ಸೆಂಟರಿಗೆ ಏಕೆ ಅಲೆಯಬೇಕು?" ನಾನು ಲ್ಯಾಪ್‌ಟಾಪ್ ಬಿಚ್ಚಿ ಜೋಡಿಸುತ್ತೇನೆಂದು ಗೊತ್ತಿರುವವರೆಲ್ಲ ಕೇಳುವ ಪ್ರಶ್ನೆಯಿದು.

ಮದರ್‌ಬೋರ್ಡ್ ಅಥವಾ ಪರದೆ ತಾನಾಗಿ ಕೆಟ್ಟಿದ್ದು, ವಾರಂಟಿ ಒಂದೇ ದಿನ ಉಳಿದಿದ್ದರೂ ಸ್ಕ್ರೂಡ್ರೈವರ್ ಮುಟ್ಟಬೇಡಿ. ಅವು ದುಬಾರಿ ಭಾಗಗಳು. ಆ ರಕ್ಷಣೆಗೆ ನೀವು ಕೊಳ್ಳುವಾಗಲೇ ಹಣ ತೆತ್ತಿದ್ದೀರಿ. ಆದರೆ ಯಂತ್ರವನ್ನು ಕೊಡುವ ಮೊದಲು ಕಡತಗಳನ್ನೆಲ್ಲ ಬೇರೆಡೆ ನಕಲು ಮಾಡಿಟ್ಟುಕೊಳ್ಳಿ. ವಾರಂಟಿ ಇರುವುದು ಯಂತ್ರಕ್ಕೆ, ಮಕ್ಕಳ ಫೋಟೊಗಳಿಗಲ್ಲ. ವಿಂಡೋಸ್‌ನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಚಾಲೂ ಇದ್ದರೆ ಅದರ 48 ಅಂಕಿಗಳ ರಿಕವರಿ ಕೀಯನ್ನೂ ಬರೆದಿಡಿ. ಆ ಬೀಗ ಸಾಮಾನ್ಯವಾಗಿ ಮದರ್‌ಬೋರ್ಡಿನ ಟಿಪಿಎಂ ಎಂಬ ಭದ್ರತಾ ಚಿಪ್ಪಿಗೆ ಅಂಟಿಕೊಂಡಿರುತ್ತದೆ. ಬೋರ್ಡ್ ಬದಲಾಗಿ ಬಂದಾಗ ಆ ಕೀ ಇಲ್ಲದಿದ್ದರೆ ನಿಮ್ಮದೇ ಡಿಸ್ಕ್ ನಿಮಗೆ ತೆರೆಯುವುದಿಲ್ಲ.

ವಾರಂಟಿ ಮುಗಿದ ಯಂತ್ರವಾದರೆ ನಾನು ಎರಡು ಮಾತಿಲ್ಲದೆ ಬಿಡಿಭಾಗ ಬದಲಿಸುವವರ ಪಕ್ಷ. ಚೆನ್ನಾಗಿರುವ ಪರದೆ, ರ‍್ಯಾಮ್, ಡಿಸ್ಕ್‌ಗಳು ಗುಜರಿಗೆ ಹೋಗುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಆದರೆ ಒಂದೇ ಕಂಪನಿಯದ್ದು ಎಂದ ಮಾತ್ರಕ್ಕೆ ಎಲ್ಲವೂ ಹೊಂದುವುದಿಲ್ಲ. ಲೆನೊವೊ ಕಂಪನಿಯ 2011ರ ಥಿಂಕ್‌ಪ್ಯಾಡ್ ಟಿ420 ಮತ್ತು 2012ರ ಟಿ430 ನೋಡಿ. ರ‍್ಯಾಮ್, 2.5 ಇಂಚಿನ ಡಿಸ್ಕ್ ಅದಲುಬದಲಾಗುತ್ತವೆ. ಟಿ420ರ ಏಳು ಸಾಲಿನ ಕೀಬೋರ್ಡನ್ನು ಒಂದಿಷ್ಟು ಮಾರ್ಪಡಿಸಿ ಟಿ430ಕ್ಕೆ ಕೂರಿಸಿಕೊಂಡವರೂ ಇದ್ದಾರೆ. ಬ್ಯಾಟರಿಯ ವಿಷಯಕ್ಕೆ ಬಂದರೆ, ಟಿ430 ತಾನು ಗುರುತಿಸದ ಬ್ಯಾಟರಿಯನ್ನು ಚಾರ್ಜ್ ಮಾಡಲು ಒಪ್ಪುವುದಿಲ್ಲ. ವೈಫೈ ಕಾರ್ಡ್ ಕೂಡ ಬಯಾಸ್‌ನ (ಯಂತ್ರವನ್ನು ಚಾಲೂ ಮಾಡುವ ಮೂಲ ತಂತ್ರಾಂಶದ) ಒಪ್ಪಿಗೆ ಪಟ್ಟಿಯಲ್ಲಿದ್ದರೆ ಮಾತ್ರ ಸರಿ. ಭಾಗ ಗಟ್ಟಿಯಾಗಿದ್ದರೂ ತಂತ್ರಾಂಶ ಅಡ್ಡಗಾಲು ಹಾಕುವ ಈ ಪದ್ಧತಿ ಗ್ರಾಹಕರಿಗೆ ಮಾಡುವ ಅನ್ಯಾಯವೆಂದೇ ನಾನು ಹೇಳುತ್ತೇನೆ.

ಅದೇ ಸಾಲಿನ 2013ರ ಟಿ440ಪಿ ಬಂದಾಗ ರ‍್ಯಾಮ್‌ನಲ್ಲೂ ತೊಡಕು. ಅದಕ್ಕೆ ಬೇಕಾದದ್ದು 1.35 ವೋಲ್ಟಿನ ಡಿಡಿಆರ್3ಎಲ್ ಬಗೆಯ ರ‍್ಯಾಮ್. ಹಳೆಯ 1.5 ವೋಲ್ಟಿನ ಡಿಡಿಆರ್3 ರ‍್ಯಾಮ್ ಕೂಡ 204 ಪಿನ್ನಿನದ್ದೇ ಆದ್ದರಿಂದ ಸಲೀಸಾಗಿ ಕೂರುತ್ತದೆ, ಕೆಲಸ ಮಾಡುವುದಿಲ್ಲ. ಲೇಬಲ್ಲಿನಲ್ಲಿ 'ಪಿಸಿ3ಎಲ್' ಎಂದಿದೆಯೇ ಎಂದು ಮೊದಲು ಓದಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಳೆಯ ಭಾಗ ಹುಡುಕುವವರೂ ಲ್ಯಾಪ್‌ಟಾಪಿನ ಹೆಸರಿಗಿಂತ ಭಾಗದ ಮೇಲಿನ ಸಂಖ್ಯೆಯನ್ನೇ ಬರೆದುಕೊಂಡು ಹೋಗಿ. ಉಬ್ಬಿದ ಬ್ಯಾಟರಿಯನ್ನಂತೂ ಯಾವುದಕ್ಕೂ ಹಾಕಬೇಡಿ, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.

ಇಂದಿನ ಅನೇಕ ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ. ಹಳೆಯದರಿಂದ ತೆಗೆದು ಹಾಕಲು ಜಾಗವೇ ಇಲ್ಲ. ಅಂಥದ್ದನ್ನು ಕೊಳ್ಳುವವರಿಗೆ ಮಾತ್ರ ಹೆಚ್ಚುವರಿ ವಾರಂಟಿಗೂ ಹಣ ತೆಗೆದಿಡಿ ಎನ್ನುತ್ತೇನೆ.